ಖಡ್ಗಮೃಗದ ಮರಿ

ಯಾರಿಗೂ ಹೇಳುವುದಿಲ್ಲ ಎಂದು ಅವಳು ಒಂಬತ್ತು ವರ್ಷದ ಹಿಂದೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಮಗಳಿಗೆ ಮಾತು ಕೊಟ್ಟಿದ್ದಳು. ಅಪ್ಪನಿಗೂ ಹೇಳಬಾರದು ಎಂದಿತ್ತು ಮಗು. ಅಪ್ಪನಿಗೂ ಹೇಳಲ್ಲ ಎಂದಿದ್ದಳು. ಅಜ್ಜಿಗೆ? ಅಜ್ಜಿಗಂತೂ ಸತ್ತರೂ ಹೇಳಲ್ಲ. ಏಳು ವರ್ಷದ ಮಗು ಅಷ್ಟಕ್ಕೇ ಬಿಡದೆ, ಒದ್ದೆ ಲಂಗವನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಹಿಡಿದುಕೊಂಡು, ಇನ್ನು ಯಾರು ಉಳಿದರು ಎಂದು ಯೋಚಿಸಿ, ಹಾಲಿನವನಿಗೆ, ಮೇಲಿನ ಮನೆ ಆಂಟಿಗೆ, ಅವರ ನಾಯಿಗೆ, ಎಂದು ಒಬ್ಬೊಬ್ಬರನ್ನಾಗಿ ಕೇಳಿ ಎಲ್ಲರ ಲೆಕ್ಕದಲ್ಲೂ ಬೇರೆ ಬೇರೆ ಮಾತು ತೆಗೆದುಕೊಂಡಿತ್ತು. ನಡೆದದ್ದು ಇಷ್ಟೇ. ಬೆಳಗ್ಗೆ ಶಾಲೆಯ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತು ಹಾಡುತ್ತಿದ್ದಾಗ, ಹಾಡು ಮುಗಿಯುವ ತನಕ ತಡೆಯಲಾರದೆ, ಮಗು ನಿಂತಲ್ಲೇ ಉಚ್ಚೆ ಹೊಯ್ದುಕೊಂಡುಬಿಟ್ಟಿತ್ತು. ಹೊಯ್ದುಕೊಂಡ ಮರುಕ್ಷಣವೇ ಹೆಗಲಿನ ನೀರಿನ ಬಾಟ್ಲಿಯ ಮುಚ್ಚಳ ತಿರುವಿ, ಇಡೀ ಬಾಟ್ಲಿಯನ್ನು ಲಂಗದ ಮೇಲೆ ಸುರಿದುಕೊಂಡು, ‘ಟೀಚರ್, ನನ್ನ ಬಾಟ್ಲಿ ಸೋರ್ತು’ ಎಂದು ಕೂಗಿತ್ತು. ಟೀಚರ್ ನಂಬಿದ್ದರು. ಹಿಂದೆ ನಿಂತಿದ್ದ ಎರಡು ಜಡೆಯ ಹುಡುಗಿ ನಂಬಿ, ತನ್ನ ಕರವಸ್ತ್ರವನ್ನೂ ಕೊಟ್ಟಿದ್ದಳು. ಇಷ್ಟು ಚುರುಕು ಬುದ್ಧಿ ಈ ಮಗುವಿಗೆ ಯಾರ ಕಡೆಯಿಂದ ಬಂತು ಎಂದು ಅವಳಿಗೆ ಅಂದು ಎಂಥ ಹೆಮ್ಮೆಯಾಗಿತ್ತೆಂದರೆ, ಅದನ್ನು ಒಬ್ಬರಿಗಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಅನ್ನಿಸಿತ್ತು.

ಈಗ ಆ ಮಗು ಹದಿನಾರು ವರ್ಷದವಳಾಗಿ ಕನ್ನಡಿಯ ಮುಂದೆ ನಿಂತು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ, ‘ಇವತ್ತು ನಮ್ಮ ಕ್ಲಾಸನ್ನ ನಿಮ್ಮ ಆಫೀಸಿಗೆ ಕರ್ಕೊಂಡು ಬರ್ತಿದಾರೆ’ ಎಂದಳು.

‘ನಮ್ಮ ಆಫೀಸಿಗಾ? ಅಲ್ಲಿ ಏನಿದೆ ಅಂತ?’

‘ನಾವೂ ಅದನ್ನೇ ಕೇಳಿದ್ವಿ. ಬಿಸ್ಕತ್ತು ಫ್ಯಾಕ್ಟರಿಗೆ ಹೋಗೋದಿತ್ತು. ಅಲ್ಲಿ ಏನೋ ಮೆಷಿನ್ ಕೆಟ್ಟಿದೆಯಂತೆ. ಬಿಸ್ಕತ್ತು ಇಲ್ಲ, ಡಿಕ್ಷನರಿ ನೋಡಿ ಅಂದ್ರು.’ ಕ್ಲಿಪ್ಪು ತಲೆಗೇರಿತು. ‘ನೋಡಮ್ಮ, ಮೂರು ಕಂಡಿಷನ್. ನನ್ನ ಮಾತಾಡಿಸ್ಬಾರ್ದು. ಎಲ್ಲರ ಮುಂದೆ ಮರಿ ಗಿರಿ ಅನ್ಬಾರ್ದು. ಒಂದು ಪದಕ್ಕೆ ಒಂಬತ್ತು ವರ್ಷ ತಗೊಂಡೆ ಅಂತ ಮಾತ್ರ, ದಮ್ಮಯ್ಯ, ಯಾರ ಹತ್ರಾನೂ ಬಾಯಿ ಬಿಡ್ಬೇಡ.’

‘ಒಂಬತ್ತಲ್ಲ, ಹತ್ತಾಗ್ತಾ ಬಂತು’ ಎಂದ ಗಂಡ, ಬಾಗಿಲಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಾ. ಅವನು ಲಿಫ್ಟ್ ರಿಪೇರಿ ಮಾಡುವವನು. ‘ಅಷ್ಟು ವರ್ಷದಲ್ಲಿ ನಾನು ಎಷ್ಟು ಸಾವಿರ ಜನಾನ ಮೇಲೆ ಕೆಳಗೆ ಓಡಾಡಿಸಿದೀನಿ. ನಿಮ್ಮಮ್ಮ ಇನ್ನೂ ಅದೇ ಪದದೊಳಗೆ ಸಿಕ್ಕಾಕೊಂಡಿದಾಳೆ. ಒಳಗಿಂದ ಬೆಲ್ಲೂ ಒತ್ತಲ್ಲ.’

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳಿಗೆ ಆ ಬೆಲ್ಲಿನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಒತ್ತಿದರೆ ಯಾರು ಬರುತ್ತಾರೆ? ಅವಳ ಪದ ರನ್. ಇಂಗ್ಲಿಷಿನ ಆ ಪದವನ್ನು ಮೂರು ವರ್ಷದ ಮಗುವೂ ಬಲ್ಲದು, ಅದಕ್ಕೇ ಸುಲಭ ಎಂದುಕೊಂಡು ಅವಳು ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ, ಪದ ಹಂಚುವ ದಿನ, ಕೈ ಎತ್ತಿದ್ದಳು. ಓಡು ಎಂದು ಬರೆದು ಮಧ್ಯಾಹ್ನದೊಳಗೆ ಮುಗಿಸಿ ಎದ್ದುಬಿಡಬಹುದೆಂದು ಆಸೆ. ಮಗಳಿಗೆ ಆಗ ಏಳು ತುಂಬಿರಲಿಲ್ಲ. ಓಡು ಎಂದು ಬರೆದ ಮರುದಿನ ಮಗಳಿಗೆ ನೆಗಡಿಯಾಗಿ ಮೂಗು ಸೋರಿತು, ಅದಕ್ಕೂ ಅದೇ ಪದ. ನಲ್ಲಿ ಬಿಟ್ಟರೆ ಅದು, ಬಟ್ಟೆಯ ಬಣ್ಣ ಬಿಟ್ಟರೆ ಅದು, ಜ್ವರ ಬಂದರೆ, ಅಂಗಡಿ ನಡೆಸಿದರೆ, ನಾಟಕ ನೂರು ದಿನ ಆದರೆ, ಕಾಲುಚೀಲದ ಎಳೆ ಬಿಟ್ಟರೆ, ಸಕ್ಕರೆ ಮುಗಿದರೆ, ಕೋಳಿಗಳಿಗೆ ಬೇಲಿ ಕಟ್ಟಿದರೆ ಆ ಬೇಲಿಯ ಒಳಗಿನ ಜಾಗಕ್ಕೂ ಅದೇ. ಚುನಾವಣೆಗೆ ನಿಲ್ಲುವುದಕ್ಕೆ ಇಂಗ್ಲಿಷಿನವರು ಓಡುವುದು ಅನ್ನುತ್ತಾರೆಂದು ಗೊತ್ತಾದ ದಿನ ಅವಳು ಪೆನ್ನು ಕೆಳಗಿಟ್ಟಿದ್ದಳು. ಓಡು ಎಂಬ ಪದದ ಕೆಳಗೆ ನಿಲ್ಲು ಎಂದು ಬರೆಯಲು ಅವಳ ಕೈಗೆ ಎಂಟು ತಿಂಗಳು ಹಿಡಿಯಿತು. ಒಟ್ಟು ಇನ್ನೂರ ಹನ್ನೆರಡು ಅರ್ಥ. ಅಷ್ಟೂ ಅರ್ಥಕ್ಕೆ ಒಂದೊಂದು ಚೀಟಿ. ಅಷ್ಟೂ ಚೀಟಿಗೆ ಒಂದೊಂದು ವಾಕ್ಯ.

ವಾಕ್ಯದ್ದೇ ಕಷ್ಟ. ಪ್ರಧಾನ ಸಂಪಾದಕರು, ಅವರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು, ಕಚೇರಿಯ ಗೋಡೆಗೆ ಏಳು ನಿಯಮ ಬರೆಸಿ ಹಾಕಿದ್ದರು. ಮೊದಲನೆಯದು, ಹುಟ್ಟಿಸಿದ ವಾಕ್ಯ ಬೇಡ, ಹುಟ್ಟಿದ ವಾಕ್ಯ ತನ್ನಿ. ಕುರ್ಚಿಯಲ್ಲಿ ಕೂತು ‘ಕುದುರೆಯು ಓಡಿತು’ ಎಂದು ಬರೆಯುವಂತಿಲ್ಲ. ಯಾರೋ ಒಬ್ಬರು ನಿಜವಾಗಿ ಆಡಿರಬೇಕು, ಇವರು ಕಿವಿಯಾರೆ ಕೇಳಿರಬೇಕು, ಚೀಟಿಯ ಮುಂಭಾಗದಲ್ಲಿ ವಾಕ್ಯ, ಹಿಂಭಾಗದಲ್ಲಿ ಮೂಲ: ಆಡಿದವರು ಯಾರು, ವಯಸ್ಸೆಷ್ಟು, ಎಲ್ಲಿ, ಯಾವಾಗ. ಬೇರೆಯವರು ಸಂತೆ, ಕೋರ್ಟು, ಕ್ಷೌರದಂಗಡಿ ಎಂದು ವಾಕ್ಯ ಹುಡುಕಿಕೊಂಡು ತಿರುಗುತ್ತಿದ್ದರು. ಬೆಳಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ಸಂಜೆ ಬಂದು ಮೂರೂ ಡಬ್ಬಿ ತೊಳೆಯುವವಳು ಎಲ್ಲಿಗೆ ತಿರುಗಬೇಕು? ಅವಳಿಗೆ ಸಿಕ್ಕಿದ್ದು ಮನೆ. ಅಡುಗೆ ಮಾಡುತ್ತಾ, ಜಡೆ ಹೆಣೆಯುತ್ತಾ, ಬೈಸಿಕೊಳ್ಳುತ್ತಾ ಅವಳು ಕಿವಿ ತೆರೆದಿಟ್ಟಳು. ಅತ್ತೆ ಬೈಯುವಾಗ ಅರ್ಧದಲ್ಲಿ ಅವಳ ಮುಖ ಅರಳುವುದನ್ನು ಕಂಡು ಅತ್ತೆಗೆ ಮೈ ಉರಿದುಹೋಗುತ್ತಿತ್ತು. ‘ಉಪ್ಪು ಮುಗಿದು ಮೂರು ದಿನ ಆಯ್ತು, ಈ ಮನೇಲಿ ಯಾರಿಗೂ ನಾಲಿಗೆ ಇಲ್ವಾ?’ ಮುಗಿ ಎಂಬ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ವಾಕ್ಯ ಎಲ್ಲಿದೆ? ಮೂಲ: ಅತ್ತೆ, ಅರವತ್ತೆಂಟು, ಊಟದ ಮೇಜು.

ದ್ರವ ಹರಿ ಎಂಬ ಮೂವತ್ತೊಂದನೆಯ ಅರ್ಥದ ಚೀಟಿ ಮೂರು ತಿಂಗಳಿಂದ ಖಾಲಿ ಇತ್ತು. ಬಸ್ ನಿಲ್ದಾಣದ ಮಾರನೆಯ ದಿನ ಅದು ತುಂಬಿತು. ಹೇಳುವುದಿಲ್ಲ ಎಂದಿದ್ದೆ, ಹೇಳುತ್ತಿಲ್ಲ, ಇದು ಕೆಲಸ ಎಂದುಕೊಂಡಳು. ಚೀಟಿ ಕಬ್ಬಿಣದ ಬೀರುವಿಗೆ ಹೋಗುತ್ತದೆ, ಅಚ್ಚಿನಲ್ಲಿ ಬರೀ ವಾಕ್ಯ ಬರುತ್ತದೆ, ಹಿಂಭಾಗದ ಮೂಲವನ್ನು ಜಿರಲೆಯೂ ಓದುವುದಿಲ್ಲ. ಹೊಟ್ಟೆ ಒಡೆಯದೆ ಉಳಿಯಿತಲ್ಲ ಎಂದು ಅಂದು ಸಮಾಧಾನದಿಂದ ನಿದ್ದೆ ಮಾಡಿದ್ದಳು.

ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಎರಡು ದಿನ ರಜೆ ಹಾಕಿದ್ದವಳು ಇವತ್ತು ಕಚೇರಿಯ ಬಾಗಿಲು ತಳ್ಳಿದರೆ ಎದುರಿನ ಗೋಡೆ ಕಾಣಲಿಲ್ಲ. ಗೋಡೆಯ ಉದ್ದಕ್ಕೂ ಹಲಗೆ, ಹಲಗೆಯ ತುಂಬ ದಾರದಲ್ಲಿ ಇಳಿಬಿಟ್ಟ ಚೀಟಿಗಳು, ಫ್ಯಾನಿನ ಗಾಳಿಗೆ ಮುಂಭಾಗ ಹಿಂಭಾಗ ಎಂದು ತಿರುಗಿ ತಿರುಗಿ ಆಡುತ್ತಿದ್ದವು. ಮೇಲೆ ದಪ್ಪ ಅಕ್ಷರದಲ್ಲಿ, ಒಂದು ಪದ, ಇನ್ನೂರ ಹನ್ನೆರಡು ಬದುಕು. ಅವಳ ಅಕ್ಷರ. ಅವಳ ಮನೆ. ಹೊರಗೆ ದಾರದ ಮೇಲೆ ಒಣಹಾಕಿದ ಹಾಗೆ ಗಂಡನ ಸಿಟ್ಟು, ಅತ್ತೆಯ ಉಪ್ಪು, ತನ್ನದೇ ಸೊಂಟನೋವು, ಎಲ್ಲವೂ ಸಾಲಾಗಿ ತೂಗುತ್ತಿವೆ.

‘ಬಂದ್ರಾ ರನ್ ಅಮ್ಮ!’ ಎಂದರು ದೊಡ್ಡವರು, ಏಣಿಯ ಎರಡನೇ ಮೆಟ್ಟಿಲಿಂದಲೇ. ಆ ಕಚೇರಿಯಲ್ಲಿ ಯಾರಿಗೂ ಸ್ವಂತ ಹೆಸರು ಉಳಿದಿರಲಿಲ್ಲ, ಮಾಡುವ ಪದವೇ ಹೆಸರು. ‘ಮಕ್ಕಳು ಬರ್ತಿದಾರೆ. ನಿಘಂಟು ಅಂದ್ರೆ ಸತ್ತ ಪದಗಳ ಪೆಟ್ಟಿಗೆ ಅಂದ್ಕೊಂಡಿದಾರಲ್ಲ, ಅವರಿಗೆ ತೋರಿಸ್ಬೇಕು. ಎರಡು ದಿನ ನಾನೂ ಖಡ್ಗಮೃಗದವರೂ ಸೇರಿ ದಾರ ಕಟ್ಟಿದೀವಿ.’

ಖಡ್ಗಮೃಗದವರು ಮೂಲೆಯ ಮೇಜಿನಿಂದ ದಾರದ ಉಂಡೆ ಎತ್ತಿ ತೋರಿಸಿದರು. ಐವತ್ತು ದಾಟಿದ ಬ್ರಹ್ಮಚಾರಿ, ಇಸ್ತ್ರಿ ಮಾಡಿದ ಅಂಗಿ, ಮಾತಿಗೂ ಇಸ್ತ್ರಿ. ಇಡೀ ವರ್ಣಮಾಲೆಯಲ್ಲಿ ಒಂದೇ ಒಂದು ಅರ್ಥವಿರುವ ಪದಗಳನ್ನೇ ಆರಿಸಿ ಆರಿಸಿ ಮಾಡುತ್ತಾ ಬಂದವರು. ಖಡ್ಗಮೃಗವನ್ನು ಎರಡು ವಾರದಲ್ಲಿ ಮುಗಿಸಿದ್ದರು, ಅದರಲ್ಲೂ ಒಂದು ವಾರ ಮೃಗಾಲಯದಲ್ಲಿ, ಅಲ್ಲಿಯ ಕಾವಲುಗಾರ ‘ಅದು ಖಡ್ಗಮೃಗ, ಹತ್ರ ಹೋಗ್ಬೇಡಿ ಸಾರ್’ ಎನ್ನುವ ತನಕ ಕಾದು ಕೂತಿದ್ದರು. ಅವಳ ಚೀಟಿಗಳ ಕಟ್ಟು ದಪ್ಪವಾಗುವುದನ್ನು ಒಂಬತ್ತು ವರ್ಷ ಓರೆಗಣ್ಣಲ್ಲಿ ನೋಡುತ್ತಾ ಬಂದವರು, ‘ನಮ್ಮದೇನಿದೆ ಮೇಡಂ, ಒಂದು ಕೊಂಬು’ ಎಂದು ನಗುವವರು. ಆ ನಗೆಯಲ್ಲಿ ಏನೋ ಒಣಗಿದ್ದು ಇರುತ್ತಿತ್ತು.

ಹತ್ತೂಕಾಲು. ಮಕ್ಕಳು ಹನ್ನೊಂದಕ್ಕೆ. ಮೂವತ್ತೊಂದು ಎಲ್ಲಿದೆ? ಅವಳು ಹಲಗೆಯ ಎಡತುದಿಯಿಂದ ಶುರು ಮಾಡಿದಳು. ಅರ್ಥದ ಕ್ರಮದಲ್ಲಿ ಕಟ್ಟಿದ್ದರೆ ಒಂದು ನಿಮಿಷದ ಕೆಲಸ. ದೊಡ್ಡವರು ಚೆಂದ ನೋಡಿ ಕಟ್ಟಿದ್ದರು. ಐವತ್ತೆಂಟರ ಪಕ್ಕ ಇನ್ನೂರೆರಡು, ಅದರ ಕೆಳಗೆ ಒಂಬತ್ತು. ‘ಇವತ್ತೂ ಲೇಟಾ?’ ಮೂಲ: ಗಂಡ, ಬಾಗಿಲಲ್ಲಿ. ‘ಈ ಮೊಂಡುತನ ನಮ್ಮ ವಂಶದ್ದಲ್ಲ.’ ಮೂಲ: ಅತ್ತೆ. ‘ನಾನೇನು ಅಳ್ತಿಲ್ಲ, ಮೂಗು ಸೋರ್ತಿದೆ ಅಷ್ಟೆ.’ ಮೂಲ: ಮಗಳು, ಒಂಬತ್ತು ವರ್ಷ, ಬಚ್ಚಲುಮನೆಯ ಬಾಗಿಲ ಹಿಂದೆ. ಹೌದು, ಅಂದು ಅವಳು ಬಾಗಿಲ ಈಚೆ ಕೂತು, ಸಮಾಧಾನ ಮಾಡುವುದು ಬಿಟ್ಟು, ಮೊದಲು ಎದ್ದು ಹೋಗಿ ಪೆನ್ನು ತಂದಿದ್ದಳು. ಪೆನ್ನು ತರುವಷ್ಟರಲ್ಲಿ ಮಗಳು ಹೊರಗೆ ಬಂದು ಟೀವಿ ಹಾಕಿಕೊಂಡಿದ್ದಳು. ಯಾಕೆ ಅತ್ತಳೆಂದು ಕೇಳುವುದು ಅಲ್ಲಿಗೇ ನಿಂತುಹೋಯಿತು. ಇವತ್ತಿನ ತನಕ ಗೊತ್ತಿಲ್ಲ. ವಾಕ್ಯ ಮಾತ್ರ ಚೆನ್ನಾಗಿ ಗೊತ್ತು. ಅವಳು ಚೀಟಿಯಿಂದ ಚೀಟಿಗೆ ಸರಿಯುತ್ತಿದ್ದಂತೆ ಇದು ತನ್ನ ಪದವೋ ತಾನು ಕದ್ದು ಕೇಳಿದ ಮನೆಯೋ ಎಂದು ಬೆನ್ನು ಬೆವರಿತು. ಬಚ್ಚಿಟ್ಟ ಕಳ್ಳಮಾಲನ್ನು ಪೊಲೀಸರು ಸಾಲಾಗಿ ಜೋಡಿಸಿ ಫೋಟೋ ತೆಗೆಸುವುದಿಲ್ಲವೇ, ಹಾಗೆ.

‘ಏನು ಹುಡುಕ್ತಿದೀರಿ?’ ಎಂದರು ದೊಡ್ಡವರು.

‘ಮೂವತ್ತೊಂದು. ಅದರಲ್ಲಿ ಒಂದು ತಪ್ಪಿದೆ ಅನ್ಸುತ್ತೆ.’

‘ತಪ್ಪೇ? ಅಮ್ಮಾ, ಅದು ಇಡೀ ನಿಘಂಟಿನ ಕಿರೀಟ!’ ಅವರು ಅವಳನ್ನು ಹಲಗೆಯ ನಡುವಿಗೆ ಕರೆದೊಯ್ದರು. ಅಲ್ಲಿ, ಸರಿಯಾಗಿ ಹದಿನಾರು ವರ್ಷದವರ ಕಣ್ಣಿನ ಎತ್ತರಕ್ಕೆ, ಗಾಜಿನ ಚೌಕಟ್ಟು, ಅದರೊಳಗೆ ಮೂವತ್ತೊಂದು. ‘ಕಾಲ ಮೇಲೆ ಹರಿದಿದ್ದು ಬಾಟ್ಲಿ ನೀರಲ್ಲಮ್ಮ.’ ಹಿಂಭಾಗ ಕಾಣುವುದಿಲ್ಲವಲ್ಲ ಎಂದು ದೊಡ್ಡವರು ತಮ್ಮ ಕೈಯಾರೆ, ಬಣ್ಣದ ಪೆನ್ನಿನಲ್ಲಿ, ಗಾಜಿನ ಮೇಲೆಯೇ ಕೆಳಗೆ ಬರೆದಿದ್ದರು: ಮೂಲ: ಮಗಳು, ಏಳು ವರ್ಷ, ಎರಡನೇ ತರಗತಿ, ಶಾಲೆಯ ಸಾಲಿನಲ್ಲಿ ನಡೆದದ್ದು, ಬಸ್ ನಿಲ್ದಾಣದಲ್ಲಿ ಹೇಳಿದ್ದು. ‘ಐದು ಪದದಲ್ಲಿ ಒಂದು ಇಡೀ ಕಾದಂಬರಿ ಇದೆಯಲ್ಲಮ್ಮ ಇದರಲ್ಲಿ! ಆ ಮಗು ಬಾಟ್ಲಿ ಸುರ್ಕೊಂಡಿರ್ಬೇಕು, ಅಲ್ವೇ? ನಿನ್ನೆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.’

‘ಸಾರ್, ಇದನ್ನ ತೆಗೆದುಬಿಡೋಣ.’

‘ಯಾಕೆ?’

ಯಾಕೆ ಎಂದು ಹೇಳಿದರೆ ಹೇಳಿದಂತಾಗುತ್ತದೆ. ಅಂದು ಮಗು ಹೇಳಿದ ಹಾಲಿನವನು, ಆಂಟಿ, ನಾಯಿಯ ಪಟ್ಟಿಯಲ್ಲಿ ದೊಡ್ಡವರು ಇರಲಿಲ್ಲ ನಿಜ, ‘ಯಾರಿಗೂ’ ಎಂಬುದರಲ್ಲಿ ಇದ್ದರು. ಅವಳು, ‘ಅಷ್ಟು ಒಳ್ಳೇ ವಾಕ್ಯ ಅಲ್ಲ’ ಎಂದಳು. ದೊಡ್ಡವರು ಕನ್ನಡಕ ತೆಗೆದು ಒರೆಸಿಕೊಂಡರು, ಕಣ್ಣು ತೇವವಾಗಿತ್ತು. ‘ಈ ವಿನಯ ನೋಡಿ, ಈ ವಿನಯ’ ಎಂದು ಖಡ್ಗಮೃಗದವರಿಗೆ ಹೇಳಿದರು. ಚೌಕಟ್ಟಿಗೆ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿತ್ತು. ಸ್ಕ್ರೂಡ್ರೈವರ್ ಗಂಡನ ಚೀಲದಲ್ಲಿ ಆರು ಇವೆ, ಊರಿನ ಯಾವುದೋ ಕಟ್ಟಡದ ಯಾವುದೋ ಮಹಡಿಗಳ ನಡುವೆ. ಅವಳು ಕೈಚೀಲ ಹುಡುಕಿ ಬಾಚಣಿಗೆಯ ಹಿಡಿಯನ್ನು ಸ್ಕ್ರೂವಿಗೆ ತುರುಕಿ ತಿರುವಿದಳು. ಬಾಚಣಿಗೆ ಲಟಕ್ಕೆಂದಿತು. ಸರಿ, ಬಣ್ಣದ ಪೆನ್ನಿನ ಬರಹವನ್ನಾದರೂ ಒರೆಸೋಣವೆಂದು ಸೆರಗನ್ನು ನಾಲಿಗೆಗೆ ತಾಕಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ನಲವತ್ತು ಜೊತೆ ಬೂಟಿನ ಸದ್ದಾಯಿತು. ಬಿಸ್ಕತ್ತು ಸಿಗದ ನಲವತ್ತು ಮಕ್ಕಳು ಹತ್ತು ನಿಮಿಷ ಮುಂಚೆಯೇ ಬಂದಿದ್ದರು.

ಮಗಳು ಎಲ್ಲರಿಗಿಂತ ಹಿಂದೆ, ಕಂಬದ ಮರೆಯಲ್ಲಿ. ಅಮ್ಮನನ್ನು ಕಂಡು, ಬಸ್ಸಿನಲ್ಲಿ ಯಾರೋ ಅಪರಿಚಿತ ಹೆಂಗಸು ಕಾಲು ತುಳಿದಾಗ ನೋಡುವ ಹಾಗೆ ನೋಡಿ ಕಣ್ಣು ತಿರುಗಿಸಿದಳು. ಅವಳ ಪಕ್ಕದಲ್ಲೇ, ಈಗ ಜಡೆ ಕತ್ತರಿಸಿ ಭುಜದ ತನಕ ಬಿಟ್ಟುಕೊಂಡಿರುವ, ಆದರೆ ಅದೇ ದುಂಡು ಹಣೆಯ, ಎರಡು ಜಡೆಯ ಹುಡುಗಿ. ಒಂಬತ್ತು ವರ್ಷವೂ ಒಂದೇ ಬೆಂಚು. ಕರವಸ್ತ್ರ ಕೊಟ್ಟವಳು. ಇವಳೊಬ್ಬಳಿಗೆ ಬಾಟ್ಲಿ, ಸಾಲು, ಎರಡನೇ ತರಗತಿ ಈ ಮೂರನ್ನು ಒಟ್ಟಿಗೆ ಕೊಟ್ಟರೆ ಸಾಕು. ಚೀಟಿಯಲ್ಲಿ ಹೆಸರಿಲ್ಲ, ಬರೀ ಮಗಳು ಎಂದಿದೆ. ಯಾರ ಮಗಳು ಎಂಬುದಷ್ಟೇ ಇನ್ನು ಉಳಿದಿರುವುದು.

ಚೀಟಿಗಳ ಹತ್ತಿರ ಹೋಗುವ ತನಕ ಮಕ್ಕಳು ಆಕಳಿಸುತ್ತಿದ್ದರು. ಹೋದ ಮೇಲೆ ಆಕಳಿಕೆ ನಿಂತಿತು. ‘ಏ, ಇಲ್ಲಿ ನೋಡ್ರೋ, ಯಾರೋ ಅತ್ತೆ ಉಪ್ಪಿಗೆ ಬೈತಿದಾಳೆ.’ ‘ಇದು ಥೇಟ್ ನಮ್ಮಜ್ಜಿ.’ ದಾರ ಹಿಡಿದು ತಿರುಗಿಸಿ ತಿರುಗಿಸಿ ಓದಿದರು, ನಕ್ಕರು, ಒಬ್ಬರನ್ನೊಬ್ಬರು ಕರೆದು ತೋರಿಸಿದರು. ಒಂಬತ್ತು ವರ್ಷದಲ್ಲಿ ಮೊದಲ ಬಾರಿ ಅವಳ ಪದವನ್ನು ಯಾರೋ ಓದುತ್ತಿದ್ದರು. ಅವಳೊಳಗೆ ಭಯವೂ ಅದರ ಮೇಲೆ, ನಾಚಿಕೆಯಿಲ್ಲದೆ, ಒಂದು ಸುಖವೂ ಏರತೊಡಗಿತು. ನಗು ಬರಬೇಕಾದಲ್ಲಿ ನಗುತ್ತಿದ್ದಾರೆ! ಎರಡು ಜಡೆಯ ಹುಡುಗಿ ಗಾಜಿನ ಚೌಕಟ್ಟಿನ ಮುಂದೆ ನಿಂತು, ಓದಿ, ಹುಬ್ಬು ಗಂಟಿಕ್ಕಿ, ಮತ್ತೆ ಮೊದಲಿನಿಂದ ಓದಿದಳು.

‘ಈ ಪದ ಮಾಡಿದವರು ಯಾರು ಅಂತ ಗೊತ್ತೇನ್ರಪ್ಪ?’ ಎಂದು ದೊಡ್ಡವರು ಚೀಟಿ ತೋರಿಸಲು ಹಿಡಿದಿದ್ದ ಕೋಲಿನಿಂದ ನೆಲ ಕುಟ್ಟಿದರು. ‘ಒಂಬತ್ತು ವರ್ಷ! ಒಂದೇ ಪದ! ಅವರು ಇಲ್ಲೇ, ನಿಮ್ಮ ಮುಂದೇನೇ ಇದಾರೆ.’ ಹೇಳಿ ಅವಳ ಕಡೆ ತಿರುಗಿದರು. ನಲವತ್ತು ಮುಖಗಳೂ ತಿರುಗಿದವು. ಕಂಬದ ಮರೆಯ ಮುಖವೂ. ಈ ಗಳಿಗೆಯನ್ನು ಅವಳು ಪಾತ್ರೆ ತೊಳೆಯುತ್ತಾ ಎಷ್ಟು ಸಲ ಕಲ್ಪಿಸಿಕೊಂಡಿರಲಿಲ್ಲ! ಅದರಲ್ಲಿ ಇಷ್ಟೇ ಜನ, ಇದೇ ಬೆಳಕು, ಸೀರೆ ಮಾತ್ರ ಇನ್ನೊಂದು.

‘ಇವರು’ ಎಂದಳು. ಕೈ ಖಡ್ಗಮೃಗದವರ ಕಡೆ ಚಾಚಿತ್ತು.

ಖಡ್ಗಮೃಗದವರು ದಾರದ ಉಂಡೆ ಹಿಡಿದೇ ನಿಂತಿದ್ದರು. ಅವರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಒಂಬತ್ತು ವರ್ಷದಿಂದ ಒಣಗಿದ್ದೇನೋ ಮೆತ್ತಗೆ ನೆನೆಯಿತು. ಅಂಗಿಯ ತೋಳು ಎಳೆದುಕೊಂಡರು. ‘ಅಯ್ಯೋ, ನಂದೇನಿದೆ’ ಎಂದರು. ಅಲ್ಲ ಎಂದು ಮಾತ್ರ ಅನ್ನಲಿಲ್ಲ. ದೊಡ್ಡವರು ಬಾಯಿ ತೆರೆದರು, ಪರರ ಮುಂದೆ ಕಚೇರಿಯ ಜಗಳ ಆಡಬಾರದೆಂದು ಮುಚ್ಚಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ಜೋರಾಗಿ, ಅಂಗೈ ಉರಿಯುವಷ್ಟು.

‘ಸಾರ್, ನಿಮ್ಮ ಮಗಳು ಈಗ ಏನು ಓದ್ತಿದಾಳೆ?’ ಎಂದಳು ಎರಡು ಜಡೆಯ ಹುಡುಗಿ.

‘ಮಗಳೇ? ನಾನು... ನನಗೆ ಮದುವೆ ಆಗಿಲ್ಲಮ್ಮ.’

ಹಿಂದಿನಿಂದ ಒಬ್ಬ ಹುಡುಗ ದಾರಕ್ಕೆ ತೂಗುತ್ತಿದ್ದ ಇನ್ನೊಂದು ಚೀಟಿ ಹಿಡಿದು, ನ್ಯಾಯಾಧೀಶರ ಗಂಭೀರತೆಯಲ್ಲಿ ಓದಿದ: ‘ಸಾರ್, ಹಾಗಾದ್ರೆ ಇದು? ನಿನ್ನ ಕೆಂಪು ಲಂಗ ನನ್ನ ಬಿಳಿ ಶರಟಿಗೆ ಬಣ್ಣ ಬಿಟ್ಟಿದೆ. ಮೂಲ: ಗಂಡ.’

ನಗೆಗೆ ಕಚೇರಿಯ ಗಾಜುಗಳು ಅಲುಗಿದವು. ಟೀಚರ್ ‘ಸೈಲೆನ್ಸ್!’ ಎನ್ನುತ್ತಾ ತಾವೂ ಗೋಡೆಯ ಕಡೆ ತಿರುಗಿಕೊಂಡು ಭುಜ ಕುಣಿಸುತ್ತಿದ್ದರು. ಖಡ್ಗಮೃಗದವರು ಕಿವಿಯ ತುದಿಯವರೆಗೆ ಕೆಂಪಾಗಿ, ‘ಪದಗಳೇ, ಮಕ್ಕಳೇ, ಪದಗಳೇ ನನ್ನ ಸಂಸಾರ’ ಎಂದರು, ಅದರಿಂದ ನಗು ಇನ್ನೂ ಜೋರಾಯಿತು. ಈ ಮನುಷ್ಯನ ಇಸ್ತ್ರಿಯನ್ನು ನಾನು ಕೆಡಿಸಿದೆ ಎಂದು ಅವಳಿಗೆ ಅನ್ನಿಸಿತು, ಅನ್ನಿಸುತ್ತಿರುವಾಗಲೇ ಒಳಗೊಳಗೆ ನಗು ತಡೆಯಲಾಗದೆ ಕೆಮ್ಮಿದಳು. ಆಗ ಟೀಚರ್, ಮಾತು ಬದಲಿಸಲೆಂದು, ಕಂಬದ ಕಡೆ ಕೈ ಮಾಡಿ, ‘ನಮ್ಮ ಈ ಹುಡುಗಿಯ ತಾಯೀನೂ ಇಲ್ಲೇ ಕೆಲಸ ಮಾಡ್ತಾರಲ್ಲ. ತಾವು ಯಾವ ಪದ ಮಾಡಿದ್ದು ಮೇಡಂ?’ ಎಂದು ಕೇಳಿದರು.

ನಾಲಿಗೆಗೆ ಬೇರೆ ಪದ ಬರಲಿಲ್ಲ. ಉಳಿದಿದ್ದು ಅದೊಂದೇ. ‘ಖಡ್ಗಮೃಗ’ ಎಂದಳು.

ಮಕ್ಕಳು ಹೋದ ಮೇಲೆ ದೊಡ್ಡವರು ಇಬ್ಬರನ್ನೂ ಕರೆದು ಕೂರಿಸಿದರು. ಯಾಕೆ ಹೀಗೆ ಮಾಡಿದಿರಿ ಎಂದು ಮೂರು ಸಲ ಕೇಳಿದರು. ಅವಳು ಮೂರು ಸಲವೂ ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡಿದಳು.

‘ಬೇಡ ಸಾರ್’ ಎಂದರು ಖಡ್ಗಮೃಗದವರು, ಕೈ ಮುಗಿದು. ‘ಅವರ ಪದ ಅವರಿಗೇ ಇರ್ಲಿ. ಅವರ ಗಂಡಾನೂ ಅವರಿಗೇ ಇರ್ಲಿ. ನನ್ನ ಕೊಂಬು ನನಗೆ ವಾಪಸ್ ಕೊಟ್ಟುಬಿಡಿ.’

ದೊಡ್ಡವರು ಗೋಡೆಯ ಮೇಲಿನ ಆರನೆಯ ನಿಯಮ ತೋರಿಸಿದರು. ನಾಲ್ಕು ಜನ ಕೇಳುವಂತೆ ಆಡಿದ ಮಾತು ಆಧಾರ. ‘ನಲವತ್ತು ಜನ ಕೇಳಿದಾರೆ. ಮುನ್ನುಡಿ ನಾಳೆ ಅಚ್ಚಿಗೆ ಹೋಗುತ್ತೆ. ರನ್, ಇವರು. ಖಡ್ಗಮೃಗ, ನೀವು ಅಮ್ಮ. ನನ್ನ ನಿಯಮ ನಾನೇ ಮುರಿದ್ರೆ ನಿಘಂಟು ಯಾಕೆ ಬೇಕು? ಆದ್ರೆ ಅಮ್ಮ, ಈಗ್ಲೂ ಹೇಳಿ, ಕಾರಣ ಒಂದು ಹೇಳಿ, ತಿದ್ತೀನಿ.’ ಒಂಬತ್ತು ವರ್ಷ ಮೇಜಿನ ಮೇಲಿತ್ತು, ಒಂದು ವಾಕ್ಯದಷ್ಟು ದೂರ. ಅವಳು ‘ಕಾರಣ ಏನಿಲ್ಲ ಸಾರ್’ ಎಂದು, ಚೌಕಟ್ಟಿನ ಚೀಟಿಯಲ್ಲಿ ಒಂದು ತಪ್ಪಿದೆ, ಮನೆಗೆ ಒಯ್ದು ನೋಡಿ ತರುತ್ತೇನೆ ಎಂದಳು. ಸ್ಕ್ರೂ ಬಿಚ್ಚಿಕೊಟ್ಟವರು ಖಡ್ಗಮೃಗದವರೇ. ಕೊಡುವಾಗ ಕೆಳದನಿಯಲ್ಲಿ, ‘ಮೇಡಂ, ಚಪ್ಪಾಳೆ ಹೊಡೆದ್ರಲ್ಲ, ಆ ಅರ್ಧ ನಿಮಿಷ... ಅದಕ್ಕೆ ಥ್ಯಾಂಕ್ಸ್’ ಎಂದರು.

ಸಂಜೆ ಮನೆಯ ಬಾಗಿಲು ತೆರೆಯುವ ಮೊದಲೇ ಶುರುವಾಯಿತು.

‘ಖಡ್ಗಮೃಗದ ಮರಿ! ಇಡೀ ಬಸ್ಸು, ಹೋಗೋ ದಾರಿ ಪೂರ್ತಿ, ಖಡ್ಗಮೃಗದ ಮರಿ, ಖಡ್ಗಮೃಗದ ಮರಿ! ಮರಿ ಅನ್ಬೇಡ ಅಂದಿದ್ದೆ ತಾನೇ?’

‘ನಾನು ಅನ್ಲಿಲ್ವಲ್ಲ.’

‘ಅನ್ಸಿದೆ! ಅದೂ ಸುಳ್ಳು ಬೇರೆ.’ ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಒಳಗಿನ ಕೋಣೆಯಿಂದ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ, ಯಾವ ಮೃಗವೇ ಅದು ಎಂದು ವಿಚಾರಿಸುತ್ತಿದ್ದರು. ‘ಅಕ್ಷರ ನಿಂದು ಅಂತ ನಂಗೆ ಗೊತ್ತಾಗಲ್ವಾ? ನಿನ್ನ ಳ ಒಂದೇ ಸಾಕು, ಬೆಕ್ಕು ಬಾಲ ಎತ್ತಿದ ಹಾಗೆ. ಉಪ್ಪು ಅಜ್ಜೀದು. ಲಂಗ ನಿಂದು. ಬಚ್ಚಲುಮನೆ ನಾನು.’

ಅವಳು ಚಪ್ಪಲಿ ಬಿಡದೆ ನಿಂತಳು. ‘ಯಾರ ಹತ್ರಾನಾದ್ರೂ ಹೇಳ್ದೆಯಾ?’

‘ನಂಗೇನು ತಲೆ ಕೆಟ್ಟಿದೆಯಾ? ಖಡ್ಗಮೃಗಾನೇ ವಾಸಿ.’ ಸೋಫಾದ ದಿಂಬನ್ನು ಮಡಿಲಿಗೆ ಎಳೆದುಕೊಂಡು, ‘ಅಮ್ಮ, ಆ ಗಾಜಿಂದು ಮಾತ್ರ ತಪ್ಪು ಬರ್ದಿದೀಯ’ ಎಂದಳು.

‘ಯಾವುದು?’

‘ಬಾಟ್ಲಿದು. ಬಾಟ್ಲಿ ನೀರಲ್ಲಮ್ಮ ಅಂತ ಇದೆ. ಬಾಟ್ಲಿ ನೀರೇ ಅದು. ನಂಗೆ ಚೆನ್ನಾಗಿ ನೆನಪಿದೆ, ಸೆಕೆಂಡ್ ಸ್ಟ್ಯಾಂಡರ್ಡು, ನೀಲಿ ಬಾಟ್ಲಿ, ಮುಚ್ಚಳ ಸರಿ ಇರ್ಲಿಲ್ಲ. ಲೈನಲ್ಲಿ ಸೋರಿ ಇಡೀ ಲಂಗ ಒದ್ದೆ. ನನ್ನ ಪಕ್ಕ ಕೂರ್ತಾಳಲ್ಲ, ಅವಳೇ ಕರ್ಚೀಫ್ ಕೊಟ್ಟಿದ್ಲು. ಇವತ್ತು ಬಸ್ಸಲ್ಲೂ ಅಂದ್ಲು, ನಿನ್ನ ಬಾಟ್ಲೀನೂ ಹಿಂಗೇ ಸೋರಿತ್ತಲ್ವೇನೇ ಅಂತ. ನೀನು ಅದನ್ನ ಏನೇನೋ ಮಾಡಿ ಬರ್ಕೊಂಡಿದೀಯ. ಬೇರೆ ಯಾರೋ ಉಚ್ಚೆ ಹೊಯ್ಕೊಂಡ ಹಾಗಿದೆ ಅದು. ಪಾಪ.’

ಅವಳು ಮಗಳ ಮುಖ ನೋಡಿದಳು. ಪದದ ಅರ್ಥ ತೂಗಿ ತೂಗಿ ಪಳಗಿದ ಕಣ್ಣು, ಸುಳ್ಳಿದ್ದರೆ ಎಲ್ಲಾದರೂ ಎಳೆ ಬಿಟ್ಟಿರುವುದು ಕಾಣಬೇಕಿತ್ತು. ಇರಲಿಲ್ಲ. ಇದ್ದದ್ದು ಬರೀ ಅಸಹನೆ, ಸರಿಯಾಗಿ ನೆನಪಿರುವವರಿಗೆ ತಪ್ಪಾಗಿ ನೆನಪಿರುವವರ ಮೇಲೆ ಇರುವಂಥದ್ದು. ಅಂದು ಟೀಚರನ್ನು, ಸಾಲನ್ನು, ಎರಡು ಜಡೆಯ ಹುಡುಗಿಯನ್ನು ನಂಬಿಸಿದ ಮಗು ಯಾವಾಗಲೋ ಒಂದು ದಿನ, ಯಾರೂ ನೋಡದಿದ್ದಾಗ, ತನ್ನನ್ನೂ ನಂಬಿಸಿಬಿಟ್ಟಿತ್ತು. ಕಲ್ಲುಬೆಂಚು ಅದಕ್ಕೆ ನೆನಪಿರಲಿಲ್ಲ. ಮಾತು ತೆಗೆದುಕೊಂಡದ್ದು ನೆನಪಿರಲಿಲ್ಲ. ಹಾಗಾದರೆ ಇಡೀ ಲೋಕದಲ್ಲಿ ಇದು ಗೊತ್ತಿರುವವಳು ಈಗ ತಾನೊಬ್ಬಳೇ ಎಂದು ಹೊಳೆದು, ಕೈಯಲ್ಲಿದ್ದ ಚೀಲ ಇದ್ದಕ್ಕಿದ್ದಂತೆ ಭಾರವಾಯಿತು.

‘ಏನಮ್ಮ? ಬಾಟ್ಲಿದೇ ತಾನೇ?’

‘ಬಾಟ್ಲಿದೇ’ ಎಂದಳು. ‘ನಂದೇ ತಪ್ಪು.’

ಮಗಳು ನೋಡುತ್ತಿದ್ದಂತೆ ಚೀಟಿ ತೆಗೆದು, ಊಟದ ಮೇಜಿನ ಮೇಲಿಟ್ಟು, ದೊಡ್ಡವರೊಬ್ಬರೇ ಬಳಸಬೇಕಾದ ಕೆಂಪು ಶಾಯಿಯಲ್ಲಿ ತಿದ್ದಿದಳು. ಕಾಲ ಮೇಲೆ ಹರಿದಿದ್ದು ಬಾಟ್ಲಿ ನೀರಮ್ಮ. ಕಾದಂಬರಿ ಹೋಯಿತು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಆಡಬಹುದಾದ ಸಪ್ಪೆ ವಾಕ್ಯವೊಂದು ಉಳಿಯಿತು, ಇಡೀ ನಿಘಂಟಿನಲ್ಲಿ ಹುಟ್ಟಿಸಿದ ವಾಕ್ಯ ಅದೊಂದೇ. ಮುನ್ನುಡಿಯಲ್ಲಿ ಅದರ ಹೊಣೆ ಖಡ್ಗಮೃಗದವರದು.

ಗಂಡ ಬಂದ, ಬೂಟು ಕಳಚುತ್ತಾ ಇವತ್ತಾದರೂ ಪದದಿಂದ ಹೊರಗೆ ಬಂದೆಯಾ ಎಂದು ಕೇಳಿದ. ಬಂದೆ ಎಂದಳು. ಹೇಗೆ ಎಂದ. ಅತ್ತೆ ಒಳಗಿನಿಂದ, ಯಾವ ಮೃಗ ಅಂತ ಇನ್ನೂ ಯಾರೂ ಹೇಳಲಿಲ್ಲ ಎಂದರು. ಮೇಲಿನ ಮನೆಯ ನಾಯಿ ಬೊಗಳಿತು.

ಯಾರಿಗೂ ಹೇಳುವುದಿಲ್ಲ ಎಂದಿದ್ದಳು. ಹೇಳಲಿಲ್ಲ, ಮಗಳಿಗೂ.